'ಆಗಲಿಲ್ಲ' ಬೇರೆ, 'ಗೊತ್ತಿಲ್ಲ' ಬೇರೆ

ತುಂಬ ದಿನದಿಂದ ಇದನ್ನು ಬರೆಯಬೇಕು ಅಂದುಕೊಂಡಿದ್ದೆ. ಕೆಲಸದ ವಿಷಯ ಬರೆದರೆ ಓದುವವರು ಓಡಿಹೋಗುತ್ತಾರೆ ಅನ್ನುವ ಭಯ. ಹಿಂದೊಮ್ಮೆ ಡೇಟಾಬೇಸ್ ಬಗ್ಗೆ ಬರೆದಾಗ ನನ್ನಾಕೆಯೇ ಅರ್ಧಕ್ಕೆ ಎದ್ದು ಅಡುಗೆಮನೆಗೆ ಹೋಗಿದ್ದಳು :-) ಈ ಸಲ ಸ್ವಲ್ಪ ತಾಳ್ಮೆಯಿಂದ ಓದಿ. ಪ್ರೋಗ್ರಾಮ್ ಬರೆಯದವರಿಗೂ ಇದು ಸಂಬಂಧಪಟ್ಟದ್ದೇ. ನಿಮ್ಮ ಕೈಲೂ ಒಂದು ಮೊಬೈಲ್ ಇದೆ, ಅದರಲ್ಲಿ ದುಡ್ಡು ಕಳಿಸುತ್ತೀರಿ, ಒಂದಲ್ಲ ಒಂದು ದಿನ ಆ ಚಕ್ರ ತಿರುಗುತ್ತಲೇ ಇರುವುದನ್ನು ನೋಡುತ್ತಾ ನಿಂತಿರುತ್ತೀರಿ.

2023ರ ಜೂನ್. ಸಾಗರದಿಂದ ಅಕ್ಕ-ಭಾವ ಬಂದಿದ್ದರು, ನಾಲ್ಕು ದಿನ ಇದ್ದು ಹೋಗಲಿಕ್ಕೆ. ಮೂರನೇ ರಾತ್ರಿ ಹನ್ನೊಂದೂವರೆಗೆ ಭಾವನಿಗೆ ಎದೆ ಹಿಡಿದುಕೊಂಡಿತು. ಪಶ್ಚಿಮ ಮಾಂಬಲಂನ ಆ ಸಣ್ಣ ಬೀದಿಯಿಂದ ಆಟೋದಲ್ಲೇ ಹೊರಟೆವು. ಆಸ್ಪತ್ರೆಯ ಹೆಸರು ಬೇಡ. ಕೌಂಟರಿನಲ್ಲಿ 20,000 ಮುಂಗಡ ಕಟ್ಟಿ ಅಂದರು. ನನ್ನ ಖಾತೆಯಲ್ಲಿ 43,000 ಚಿಲ್ಲರೆ ಇತ್ತು. ಮೊಬೈಲ್ ತೆಗೆದು ಸ್ಕ್ಯಾನ್ ಮಾಡಿ ಪಿನ್ ಒತ್ತಿದೆ. ಚಕ್ರ ತಿರುಗಿತು, ತಿರುಗಿತು... ಕೊನೆಗೆ ಕೆಂಪು ಬಣ್ಣದಲ್ಲಿ 'ಪಾವತಿ ವಿಫಲ, ಮತ್ತೆ ಪ್ರಯತ್ನಿಸಿ' ಅಂತ ಬಂತು. ಕೌಂಟರ್ ಹುಡುಗನೂ ಪರದೆ ನೋಡಿ 'ಇನ್ನುಂ ವರಲೆ ಸಾರ್' ಅಂದ. ಇನ್ನೂ ಬಂದಿಲ್ಲ ಅಂತ. ಸರಿ, ಹೇಳಿದ ಹಾಗೆ ಮತ್ತೆ ಪ್ರಯತ್ನಿಸಿದೆ. ಈ ಸಲ ಹೋಯಿತು. ರಸೀದಿ ಕೊಟ್ಟ.

ರಾತ್ರಿ ಎರಡು ಗಂಟೆಗೆ ಔಷಧಿ ಚೀಟಿ ಕೈಗೆ ಬಂತು. 7,400 ರೂಪಾಯಿ. ಕೊಡಲಿಕ್ಕೆ ಹೋದರೆ ಹಣ ಸಾಲದು ಅನ್ನುತ್ತದೆ ಮೊಬೈಲು. ಬ್ಯಾಲೆನ್ಸ್ ನೋಡಿದೆ. ಮೂರು ಸಾವಿರ ಚಿಲ್ಲರೆ! ವಿಫಲವಾದ ಇಪ್ಪತ್ತು ಸಾವಿರವೂ ಹೋಗಿತ್ತು, ಸಫಲವಾದ ಇಪ್ಪತ್ತು ಸಾವಿರವೂ ಹೋಗಿತ್ತು.

ಅಕ್ಕ ಪಕ್ಕದಲ್ಲೇ ಕೂತಿದ್ದಳು. 'ಎಂತ ಆಯ್ತಾ ತಮ್ಮಾ? ಆ ದುಡ್ಡು ಹೋಯ್ತಾ, ಇಲ್ವಾ?'

'ಗೊತ್ತಾಗ್ತಿಲ್ಲ ಅಕ್ಕ.'

'ಗೊತ್ತಿಲ್ದೇ ಇದ್ರೆ ಆಗ್ಲಿಲ್ಲ ಅಂತ ಎಂತಕ್ಕೆ ಬರ್ದಿದಾರೆ?'

ಅಷ್ಟು ಹೇಳಿ ಚೀಲದ ತಳದಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದಳು. ಅಡಿಕೆ ಮಾರಿದ ದುಡ್ಡು, ಐನೂರರ ನೋಟುಗಳು. ಔಷಧಿ ಬಂತು, ಭಾವ ಉಳಿದ, ಈಗ ಚೆನ್ನಾಗಿದ್ದಾನೆ. ಆದರೆ ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಹೆಚ್ಚು ನಾಚಿಕೆಯ ವಿಷಯ ಏನೆಂದರೆ, ಇಪ್ಪತ್ತು ವರ್ಷಕ್ಕೂ ಮೇಲೆ ನಾನು ಇಂಥದೇ ಪ್ರೋಗ್ರಾಮ್ ಬರೆದು ಹೊಟ್ಟೆ ಹೊರೆದವನು. ಆ ಕೆಂಪು ಅಕ್ಷರದ ಹಿಂದೆ ಏನಿರುತ್ತದೆ ಅಂತ ಚೆನ್ನಾಗಿ ಗೊತ್ತಿರುವವನು. ಅಂಥ ನಾನೇ 'ವಿಫಲ' ಅಂದದ್ದನ್ನು ನಂಬಿ ಮತ್ತೆ ಒತ್ತಿದೆ!

ಅದರ ಹಿಂದೆ ಇರುವುದು ಟೈಮ್‌ಔಟ್. ನನ್ನ ಪ್ರೋಗ್ರಾಮು ಇನ್ನೊಂದು ಪ್ರೋಗ್ರಾಮಿಗೆ ಒಂದು ಪ್ರಶ್ನೆ ಕಳಿಸುತ್ತದೆ, ಉತ್ತರಕ್ಕೆ ಇಂತಿಷ್ಟು ಸೆಕೆಂಡು ಕಾಯುತ್ತದೆ, ಬರಲಿಲ್ಲ ಅಂದರೆ ಕೈಬಿಡುತ್ತದೆ. ಕೈಬಿಟ್ಟದ್ದು ನಾನು. ಅತ್ತ ಕಡೆ ಏನಾಯಿತು ಅನ್ನುವುದಕ್ಕೂ ನಾನು ಕೈಬಿಟ್ಟದ್ದಕ್ಕೂ ಸಂಬಂಧವೇ ಇಲ್ಲ. ಪ್ರಶ್ನೆ ಹೋಗುವಾಗಲೇ ಕಳೆದಿರಬಹುದು. ಹೋಗಿ ಅಲ್ಲಿ ಸಾಲಿನಲ್ಲಿ ಕೂತಿರಬಹುದು. ಕೆಲಸ ಆಗಿ ಉತ್ತರ ಬರುವ ದಾರಿಯಲ್ಲಿ ಬಿದ್ದುಹೋಗಿರಬಹುದು. ಅಥವಾ ನಾನು ಬೆನ್ನು ತಿರುಗಿಸಿದ ಮರುಕ್ಷಣ ಉತ್ತರ ಬಂದು ಬಾಗಿಲಲ್ಲಿ ನಿಂತಿರಬಹುದು. ಇತ್ತ ನಿಂತು ನೋಡುವವನಿಗೆ ಇವೆಲ್ಲವೂ ಒಂದೇ ಥರ ಕಾಣುತ್ತವೆ. ಮೌನ, ಅಷ್ಟೇ.

ನಮ್ಮ ಕಾಲದವರಿಗೆ ಇದು ಅರ್ಥವಾಗುವುದು ಕಷ್ಟವೇ ಅಲ್ಲ. ಅಂಚೆ ಇಲಾಖೆಯ ರಿಪ್ಲೈ ಕಾರ್ಡು ನೆನಪಿದೆಯಾ? ಜೋಡಿ ಕಾರ್ಡು. ಒಂದರಲ್ಲಿ ನಮ್ಮ ಪ್ರಶ್ನೆ, ಇನ್ನೊಂದರಲ್ಲಿ ನಮ್ಮದೇ ವಿಳಾಸ ಬರೆದು ಖಾಲಿ ಬಿಟ್ಟು ಕಳಿಸುವುದು. ಮೆಸೇಜ್ ಕ್ಯೂನಲ್ಲಿ 'ರಿಪ್ಲೈ ಟು' ಅಂತ ಒಂದು ಜಾಗ ಇದೆ, ಅದು ಇದೇ. ನಮ್ಮಪ್ಪ ಕಾಗದ ಬರೆಯುವಾಗ ಕ್ಷೇಮ ಸಮಾಚಾರ ಆದ ಕೂಡಲೇ 'ನಿಮ್ಮ 12ನೇ ತಾರೀಕಿನ ಕಾಗದ ತಲುಪಿತು' ಅಂತ ಬರೆಯುತ್ತಿದ್ದರು. ಯಾವ ಕಾಗದಕ್ಕೆ ಇದು ಉತ್ತರ ಅಂತ ಗೊತ್ತಾಗಬೇಕಲ್ಲ! ನಮ್ಮ ಭಾಷೆಯಲ್ಲಿ ಅದು ಕೋರಿಲೇಶನ್ ಐಡಿ. ಉತ್ತರ ತಡವಾದರೆ ಇನ್ನೊಂದು ಕಾಗದ ಹೋಗುತ್ತಿತ್ತು, ಅದರಲ್ಲಿ ತಪ್ಪದೆ 'ಹಿಂದಿನ ಕಾಗದ ತಲುಪಿ ಏರ್ಪಾಡು ಮಾಡಿದ್ದರೆ ಇದನ್ನು ಲೆಕ್ಕಕ್ಕೆ ಹಿಡಿಯಬೇಡಿ' ಅಂತ ಒಂದು ಸಾಲು. ಈಗಿನ ಹುಡುಗರು ಇದನ್ನು ದೊಡ್ಡ ದೊಡ್ಡ ಹೆಸರು ಹೇಳಿ ಕಾನ್ಫರೆನ್ಸಿನಲ್ಲಿ ಸ್ಲೈಡ್ ಹಾಕಿ ವಿವರಿಸುತ್ತಾರೆ. ಅಪ್ಪ ಎಸ್ಸೆಸ್ಸೆಲ್ಸಿ.

ಇನ್ನು ಮನಿ ಆರ್ಡರು. ಮದ್ರಾಸು ಚೆನ್ನೈ ಆದ 1996ರಲ್ಲೇ ನಾನಿಲ್ಲಿಗೆ ಬಂದದ್ದು. ಮೊದಲ ಒಂದೆರಡು ವರ್ಷ ಮನೆಗೆ ಮನಿ ಆರ್ಡರೇ ಕಳಿಸುತ್ತಿದ್ದೆ. ಅಮ್ಮನ ಸಹಿ ಇರುವ ಚೀಟಿ ವಾಪಸು ಬರಬೇಕು. ಕೆಲವು ಸಲ ಮೂರು ವಾರವಾದರೂ ಬರುತ್ತಿರಲಿಲ್ಲ. ಚೀಟಿ ಬರಲಿಲ್ಲ ಅಂತ ಇನ್ನೊಂದು ಮನಿ ಆರ್ಡರು ಕಳಿಸಿದವರನ್ನು ಯಾರಾದರೂ ನೋಡಿದ್ದೀರಾ? ರಸೀದಿ ಹಿಡಿದುಕೊಂಡು ಪೋಸ್ಟಾಫೀಸಿಗೆ ಹೋಗಿ, ಈ ನಂಬರಿನದು ಎಲ್ಲಿದೆ ನೋಡಿ ಸ್ವಾಮಿ ಅಂತ ಕೇಳುತ್ತಿದ್ದೆವು. ಮೊದಲು ವಿಚಾರಣೆ, ಆಮೇಲೆ ಬೇಕಾದರೆ ಮರುಪಾವತಿ. ಎಷ್ಟು ಸರಳ! ಇದನ್ನು ನಾವು ಪ್ರೋಗ್ರಾಮ್ ಬರೆಯುವವರು ಮರೆತೆವು.

ಮರೆತವರಲ್ಲಿ ನಾನೇ ಮೊದಲಿಗ. ಅದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಬರಹ ಬರೀ ಬೈಗುಳ ಆಗುತ್ತದೆ.

2003. ಚೆನ್ನೈನ ಒಂದು ಕಂಪನಿಗೆ, ಅಂಗಡಿಗಳಿಂದ ಬರುವ ಆರ್ಡರನ್ನು ಗೋದಾಮಿಗೆ ಕಳಿಸುವ ಪ್ರೋಗ್ರಾಮ್ ಬರೆಯುತ್ತಿದ್ದೆವು. ಐಬಿಎಂನ ಕ್ಯೂ ಸಾಫ್ಟ್‌ವೇರ್. ಹೆಸರು ಅಷ್ಟರಲ್ಲೇ ವೆಬ್‌ಸ್ಫಿಯರ್ ಎಂಕ್ಯೂ ಅಂತ ಬದಲಾಗಿತ್ತು, ನಾವು ಮಾತ್ರ ಎಂಕ್ಯೂ ಸೀರೀಸ್ ಅಂತಲೇ ಕರೆಯುತ್ತಿದ್ದೆವು. ನನಗೆ ಇದನ್ನು ಕಲಿಸಿದ್ದು ಮಂಗಳೂರು ಕಡೆಯ ಒಬ್ಬ ಸೀನಿಯರ್. ಕೆಥೀಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್-ಇನ್‌ನಲ್ಲಿ ಕಾಫಿ ಕುಡಿಯುತ್ತಾ, ಬಿಲ್ಲಿನ ಹಿಂಬದಿ ಬಾಣದ ಗುರುತು ಹಾಕಿ ವಿವರಿಸುತ್ತಿದ್ದರು. (2008ರಲ್ಲಿ ಅದು ಮುಚ್ಚಿತು. ಈಗ ಅಲ್ಲಿ ಸೆಮ್ಮೊಳಿ ಪೂಂಗಾ. ಗಿಡ ಚೆನ್ನಾಗಿವೆ, ಕಾಫಿ ಇಲ್ಲ.)

ಅವರು ಹೇಳಿದ ಒಂದು ಮಾತು ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು ಅನ್ನುವುದು ಒಂದು ಸಂಖ್ಯೆ. ಕಳಿಸಿದ ಪ್ರಶ್ನೆ ಎಷ್ಟು ಹೊತ್ತು ಜೀವಂತ ಇರಬೇಕು ಅನ್ನುವುದು ಇನ್ನೊಂದು ಸಂಖ್ಯೆ. ಮೊದಲನೆಯದು ವೇಟ್ ಇಂಟರ್ವಲ್, ಎರಡನೆಯದು ಎಕ್ಸ್‌ಪೈರಿ. ಗಿರಾಕಿ ಎದ್ದು ಹೋದಮೇಲೆ ಅವನ ಹೆಸರಿನ ದೋಸೆಯನ್ನು ಕಾವಲಿಗೆ ಹುಯ್ಯಬಾರದು ಅಂದರೆ, ಅಡುಗೆಮನೆಯ ಚೀಟಿ ಅವನು ಏಳುವ ಮೊದಲೇ ಹರಿದು ಬೀಳಬೇಕು. ಅಂದರೆ ಎಕ್ಸ್‌ಪೈರಿ ಯಾವಾಗಲೂ ಕಾಯುವ ಹೊತ್ತಿಗಿಂತ ಸ್ವಲ್ಪ ಕಡಿಮೆ ಇರಬೇಕು. ನಾನು ಎರಡಕ್ಕೂ 30000 ಅಂತ ಹಾಕಿದೆ. ಮೂವತ್ತು ಸೆಕೆಂಡು ಅಂದುಕೊಂಡು. ವೇಟ್ ಇಂಟರ್ವಲ್ ಇರುವುದು ಮಿಲಿಸೆಕೆಂಡಿನಲ್ಲಿ, ಅದು ಸರಿಯಾಗಿಯೇ ಮೂವತ್ತು ಸೆಕೆಂಡು. ಎಕ್ಸ್‌ಪೈರಿ ಇರುವುದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ! ಲೆಕ್ಕ ಹಾಕಿ ನೋಡಿ, ಐವತ್ತು ನಿಮಿಷ. ಮ್ಯಾನ್ಯುಯಲ್ಲಿನಲ್ಲಿ ಸ್ಪಷ್ಟವಾಗಿ ಬರೆದಿತ್ತು, ಓದದೆ ಇದ್ದವನು ನಾನು.

ಒಂದು ಮಧ್ಯಾಹ್ನ ಗೋದಾಮಿನ ಕಡೆಯ ಪ್ರೋಗ್ರಾಮು ಮುಕ್ಕಾಲು ಗಂಟೆ ನಿಂತುಹೋಯಿತು. ಇತ್ತ ಆರ್ಡರ್ ಹಾಕುವವರಿಗೆ ಮೂವತ್ತು ಸೆಕೆಂಡಿಗೆ 'ಆರ್ಡರ್ ಫೇಲ್' ಅಂತ ಬರುತ್ತಿತ್ತು (ಆ ಅಕ್ಷರ ಬರೆದವನೂ ನಾನೇ). ಕ್ಯೂ ಕೊಡುತ್ತಿದ್ದ ನಂಬರು 2033. ಅದರ ಅರ್ಥ 'ಸಂದೇಶ ಯಾವುದೂ ಇಲ್ಲ' ಅಂತ ಅಷ್ಟೇ. ಕ್ಯೂ ಸತ್ಯವನ್ನೇ ಹೇಳಿತ್ತು, ಇನ್ನೂ ಉತ್ತರ ಬಂದಿಲ್ಲ ಅಂತ. ಅದನ್ನು 'ಫೇಲ್' ಅಂತ ಅನುವಾದ ಮಾಡಿದವನು ನಾನು. ಜನ ಮತ್ತೆ ಒತ್ತಿದರು, ಮತ್ತೆ ಒತ್ತಿದರು. ಗೋದಾಮಿನ ಪ್ರೋಗ್ರಾಮು ಎದ್ದ ಕೂಡಲೇ ಅಷ್ಟನ್ನೂ ಒಂದೊಂದಾಗಿ ನುಂಗಿತು.

ವೆಲ್ಲೂರಿನ ಒಂದು ಅಂಗಡಿಗೆ ಒಂದೇ ಆರ್ಡರಿನ ಸೋಪಿನ ಪೆಟ್ಟಿಗೆಗಳು ಮೂರು ಪಟ್ಟು ಹೋದವು. ಅಂಗಡಿಯವರು ಇಳಿಸಿಕೊಳ್ಳುವುದಿಲ್ಲ ಅಂದರು. ಗೋದಾಮಿನವರು ಕಾಗದ ಇಲ್ಲದೆ ವಾಪಸು ತರಬೇಡ ಅಂದರು. ಡ್ರೈವರು ಎರಡು ದಿನ ಲಾರಿಯಲ್ಲೇ ಮಲಗಿದ. ಅವನಿಗೆ ಆ ಎರಡು ದಿನದ ಬಾಡಿಗೆ ಸಿಗಲಿಲ್ಲ ಅಂತ ನನಗೆ ತಿಳಿದದ್ದು ತಿಂಗಳ ಮೇಲೆ, ಮಾತಿನ ಮಧ್ಯೆ. ಯಾರೂ ನನ್ನನ್ನು ಬೈಯಲಿಲ್ಲ. ಮೀಟಿಂಗಿನಲ್ಲಿ 'ಕಾನ್ಫಿಗರೇಶನ್ ಇಶ್ಯೂ' ಅಂತ ಬರೆದುಕೊಂಡು ಎದ್ದರು.

ಈ ಕ್ಯೂನಲ್ಲಿ ಇನ್ನೂ ಒಂದೆರಡು ಗುಂಡಿಗಳಿವೆ, ಹೊಸಬರು ಯಾರಾದರೂ ಓದುತ್ತಿದ್ದರೆ ಅಂತ ಹೇಳುತ್ತೇನೆ. ಪ್ರಶ್ನೆ ಕಳಿಸುವುದನ್ನೂ ಉತ್ತರ ಕಾಯುವುದನ್ನೂ ಒಂದೇ ಟ್ರಾನ್ಸಾಕ್ಷನ್ನಿನ ಒಳಗೆ ಇಟ್ಟರೆ, ಕಮಿಟ್ ಆಗುವ ತನಕ ಪ್ರಶ್ನೆ ಹೊರಗೇ ಹೋಗುವುದಿಲ್ಲ. ಕಾಗದ ಬರೆದು ಜೇಬಿನಲ್ಲೇ ಇಟ್ಟುಕೊಂಡು ಅಂಚೆಯಣ್ಣನ ದಾರಿ ಕಾದ ಹಾಗೆ! ಟೈಮ್‌ಔಟನ್ನು ಹತ್ತರಿಂದ ಅರವತ್ತಕ್ಕೆ, ಅರವತ್ತರಿಂದ ಮುನ್ನೂರಕ್ಕೆ ಏರಿಸಿ ತಲೆ ಕೆರೆದುಕೊಂಡವರನ್ನು ನಾನು ನೋಡಿದ್ದೇನೆ. ಇನ್ನೊಂದು, ತಡವಾಗಿ ಬಂದ ಉತ್ತರಗಳು. ಕೇಳಿದವನು ಹೋಗಿಬಿಟ್ಟಿರುತ್ತಾನೆ, ಉತ್ತರ ಅನಾಥವಾಗಿ ಕ್ಯೂನಲ್ಲಿ ಉಳಿಯುತ್ತದೆ. ಎಂಕ್ಯೂನಲ್ಲಿ ನೀವಾಗಿ ಬದಲಾಯಿಸದಿದ್ದರೆ ಒಂದು ಕ್ಯೂನಲ್ಲಿ 5000 ಸಂದೇಶ ಹಿಡಿಸುತ್ತದೆ. ಅನಾಥರು ತುಂಬಿಕೊಂಡ ದಿನ ಹೊಸ ಉತ್ತರಕ್ಕೂ ಜಾಗವಿಲ್ಲ. ರ್‍ಯಾಬಿಟ್‌ಎಂಕ್ಯೂನ ಡೈರೆಕ್ಟ್ ರಿಪ್ಲೈ-ಟುನಲ್ಲಿ ಕೇಳಿದವನು ಇಲ್ಲದಿದ್ದರೆ ಉತ್ತರವನ್ನು ಸುಮ್ಮನೆ ಎಸೆಯುತ್ತಾರೆ. ಗುಡಿಸುವ ಕೆಲಸ ತಪ್ಪುತ್ತದೆ ನಿಜ. ಆದರೆ ಆ ತಡವಾದ ಉತ್ತರವೇ ಅಲ್ಲವೇ 'ಅಯ್ಯಾ, ನಿನ್ನ ಕೆಲಸ ಆಗಿದೆ' ಅಂತ ಹೇಳಲು ಬಂದಿದ್ದ ಒಬ್ಬನೇ ಸಾಕ್ಷಿ? ದುಡ್ಡಿನ ವ್ಯವಹಾರದಲ್ಲಿ ಅದನ್ನು ಎಸೆಯಬಾರದು. ಓದಿ, ಯಾವುದಕ್ಕೆ ಉತ್ತರ ಅಂತ ನೋಡಿ, ಲೆಕ್ಕ ಸರಿಪಡಿಸಬೇಕು.

ಇರಲಿ, ಆಸ್ಪತ್ರೆಗೆ ವಾಪಸು ಬರೋಣ. ಯುಪಿಐ ಮೂಲೆಯಲ್ಲಿ ಕೂತು ಯಾರೋ ಅರೆಮನಸ್ಸಿನಿಂದ ಕಟ್ಟಿದ್ದಲ್ಲ. 2016ರಲ್ಲಿ ಶುರುವಾದ ಇದರಲ್ಲಿ ಟೈಮ್‌ಔಟಿನ ಬಗ್ಗೆ ನಿಜವಾಗಿ ಯೋಚನೆ ಮಾಡಿದ್ದಾರೆ. ನಮ್ಮ ಬ್ಯಾಂಕು, ಅವರ ಬ್ಯಾಂಕು, ನಡುವೆ ಎನ್‌ಪಿಸಿಐ. ನಮ್ಮ ಖಾತೆಯಿಂದ ಹಣ ತೆಗೆ ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ ಅಂದರೆ ವ್ಯವಹಾರವನ್ನು ಮುಂದುವರಿಸುವುದಿಲ್ಲ, 'ತೆಗೆದಿದ್ದರೆ ವಾಪಸು ಹಾಕು' ಅಂತ ರಿವರ್ಸಲ್ ಕಳಿಸುತ್ತಾರೆ. ಹಣ ತೆಗೆದಾಯಿತು, ಆಚೆಯ ಖಾತೆಗೆ ಹಾಕು ಅಂದದ್ದಕ್ಕೆ ಉತ್ತರ ಬರಲಿಲ್ಲ ಅಂದರೆ ತದ್ವಿರುದ್ಧ. ಹಾಕಿರಬಹುದು ಅಂತ ಹಿಡಿದು 'ಡೀಮ್ಡ್' ಅಂತ ಗುರುತು ಹಾಕಿ, ಆಮೇಲೆ ಲೆಕ್ಕ ತಾಳೆ ನೋಡುತ್ತಾರೆ. ಇದರಲ್ಲಿ ಒಂದು ಜಾಣತನ ಇದೆ. ಒಂದೇ ದುಡ್ಡು ಎರಡು ಕಡೆ ಹುಟ್ಟಿಕೊಳ್ಳುವುದು ಸಾಧ್ಯವಿಲ್ಲ. ತಪ್ಪಿದರೆ ಯಾವುದೇ ಕಡೆ ಕಾಣದೆ ನಡುವೆ ಸ್ವಲ್ಪ ದಿನ ತೂಗಾಡಬಹುದು, ಅಷ್ಟೇ. ಬ್ಯಾಂಕಿಗೆ ನಷ್ಟವಿಲ್ಲ. ತೂಗಾಡುವಷ್ಟು ದಿನ ಕಾಯುವವನು ನಾನು ನೀವು.

ರಿಸರ್ವ್ ಬ್ಯಾಂಕಿಗೂ ಇದು ಗೊತ್ತು. 2019ರ ಸೆಪ್ಟೆಂಬರ್ 20ರ ಅದರ ಸುತ್ತೋಲೆ ಪ್ರಕಾರ, ಯುಪಿಐನಲ್ಲಿ ಒಬ್ಬರಿಂದ ಒಬ್ಬರಿಗೆ ಕಳಿಸಿದ ಹಣ ತಲುಪದಿದ್ದರೆ ಮಾರನೇ ದಿನದೊಳಗೆ, ಅಂಗಡಿಗೆ ಕೊಟ್ಟದ್ದಾದರೆ ಐದು ದಿನದೊಳಗೆ ತಾನಾಗಿ ವಾಪಸಾಗಬೇಕು. ಎಟಿಎಂನಲ್ಲಿ ನೋಟು ಬರದೆ ಖಾತೆಯಲ್ಲಿ ಕಡಿತವಾದರೂ ಐದು ದಿನ. ಗಡುವು ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ, ನಾವು ಅರ್ಜಿ ಹಾಕದಿದ್ದರೂ. ಇದು ತುಂಬ ಜನಕ್ಕೆ ಗೊತ್ತಿಲ್ಲ, ಗುರುತು ಹಾಕಿಟ್ಟುಕೊಳ್ಳಿ. ನನ್ನ ಇಪ್ಪತ್ತು ಸಾವಿರ ಮೂರನೇ ದಿನ ಬಂತು. ನಿಯಮದ ಪ್ರಕಾರ ಎಲ್ಲ ಸರಿ, ದೂರುವ ಹಾಗಿಲ್ಲ. ರಾತ್ರಿ ಎರಡು ಗಂಟೆಯ ಔಷಧಿಗೆ ಮಾತ್ರ ಅಡಿಕೆ ದುಡ್ಡೇ ಆಗಬೇಕಾಯಿತು.

ಹಾಗಾದರೆ ತಪ್ಪು ಎಲ್ಲಿ? ಒಳಗೆ ಇಷ್ಟೆಲ್ಲ ಬುದ್ಧಿವಂತಿಕೆ ಇಟ್ಟುಕೊಂಡು, ಕೊನೆಗೆ ಮನುಷ್ಯನ ಕಣ್ಣಿಗೆ ಬೀಳುವ ಒಂದು ಸಾಲಿನಲ್ಲಿ ಸುಳ್ಳು ಹೇಳುವುದರಲ್ಲಿ. 'ನಿಮ್ಮ ಬ್ಯಾಂಕು ಉತ್ತರ ಕೊಟ್ಟಿಲ್ಲ. ಹಣ ಕಡಿತವಾಗಿರಬಹುದು. ಆಗಿದ್ದರೆ ವಾಪಸು ಬರುತ್ತದೆ, ಆದರೆ ಈಗಲೇ ಅಲ್ಲ' ಅಂತ ಹೇಳಬೇಕಾದ ಕಡೆ 'ವಿಫಲ, ಮತ್ತೆ ಪ್ರಯತ್ನಿಸಿ' ಅನ್ನುವುದು. ಎಲ್ಲ ಆ್ಯಪುಗಳೂ ಹೀಗಲ್ಲ, ಕೆಲವು ಈಗ ಸರಿಯಾಗಿ ಬರೆಯುತ್ತವೆ. ನಾನು ಬಳಸಿದ್ದು ಬರೆಯಲಿಲ್ಲ.

ನಮ್ಮ ಆಫೀಸಿನಲ್ಲಿ ಇದನ್ನು ಎತ್ತಿದರೆ ತಕ್ಷಣ ಬರುವ ವಾದ ಒಂದಿದೆ. 'ಗೊತ್ತಿಲ್ಲ ಅಂತ ತೋರಿಸಿದರೆ ಗಿರಾಕಿ ಗಾಬರಿಯಾಗುತ್ತಾನೆ ಸಾರ್, ಅಂಗಡಿಯವನು ಸಾಮಾನು ಕೊಡುವುದಿಲ್ಲ, ಫೇಲ್ ಅಂದರೆ ಅಲ್ಲಿಗೆ ಮುಗಿಯುತ್ತೆ.' ತಳ್ಳಿಹಾಕುವ ವಾದವಲ್ಲ ಇದು. ಆ ರಾತ್ರಿ ಮೊಬೈಲು ಸತ್ಯ ಹೇಳಿದ್ದರೆ ನಾನೇನು ಮಾಡುತ್ತಿದ್ದೆ? ಕೌಂಟರಿನಲ್ಲಿ ಹಣ ಕಟ್ಟದೆ ಬಿಡುತ್ತಿರಲಿಲ್ಲ. ಆದರೆ ಅದೇ ಖಾತೆಯನ್ನು ಎರಡನೇ ಸಲ ಬರಿದು ಮಾಡುತ್ತಿರಲಿಲ್ಲ. ಮನೆಗೆ ಫೋನ್ ಮಾಡಿ ಹೆಂಡತಿಯ ಖಾತೆಯಿಂದ ಹಾಕಿಸುತ್ತಿದ್ದೆ, ಅಥವಾ ಹತ್ತು ನಿಮಿಷ ಕೊಡಪ್ಪಾ ಅಂತ ಆ ಹುಡುಗನನ್ನು ಕೇಳುತ್ತಿದ್ದೆ. 'ಗೊತ್ತಿಲ್ಲ' ಅಂದರೆ ನಾನು ಬುದ್ಧಿ ಉಪಯೋಗಿಸುತ್ತೇನೆ. 'ಆಗಲಿಲ್ಲ' ಅಂದರೆ ಬರೀ ಬೆರಳು ಉಪಯೋಗಿಸುತ್ತೇನೆ. ಬೆಳಗ್ಗೆ ತತ್ಕಾಲ್ ಟಿಕೆಟ್ ಹಿಡಿಯಲು ಕೂತು ದುಡ್ಡು ಹೋಗಿ ಟಿಕೆಟ್ ಬರದೆ ಒದ್ದಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಬ್ಬಕ್ಕೆ ಊರಿಗೆ ಹೋಗುವ ನಮ್ಮಂಥವರೆಲ್ಲ ಆ ಬೆರಳಿನ ಪರೀಕ್ಷೆ ಬರೆದವರೇ.

ಹಾಗಂತ ಕಂಡಾಬಟ್ಟೆ ಕೇಳುತ್ತಾ ಇರುವುದೂ ಪರಿಹಾರ ಅಲ್ಲ. 2025ರ ಏಪ್ರಿಲ್ 12, ಶನಿವಾರ, ದೇಶದಾದ್ಯಂತ ಯುಪಿಐ ಗಂಟೆಗಟ್ಟಲೆ ತಡವರಿಸಿತಲ್ಲ, ಆಮೇಲೆ ಎನ್‌ಪಿಸಿಐ ಕಾರಣ ಹುಡುಕಿದಾಗ ಸಿಕ್ಕಿದ್ದು 'ಈ ವ್ಯವಹಾರ ಏನಾಯಿತು?' ಅಂತ ಕೇಳುವ ವಿಚಾರಣೆಗಳ ಮಹಾಪೂರ. ಕೆಲವು ಬ್ಯಾಂಕುಗಳ ಕಡೆಯಿಂದ ಹಳೇ ವ್ಯವಹಾರಗಳ ಬಗ್ಗೆಯೂ ಮತ್ತೆ ಮತ್ತೆ ಕೇಳಲಾಗುತ್ತಿತ್ತಂತೆ. ಪೋಸ್ಟಾಫೀಸಿನ ಮುಂದೆ ಊರಿಗೆ ಊರೇ ರಸೀದಿ ಹಿಡಿದು ನಿಂತರೆ ಕಾಗದ ವಿಂಗಡಿಸುವವರು ಯಾರು? ಆಮೇಲೆ ನಿಯಮ ಬಿಗಿ ಮಾಡಿದರು. ಒಂದು ವ್ಯವಹಾರದ ಬಗ್ಗೆ ಎರಡು ಗಂಟೆಯೊಳಗೆ ಹೆಚ್ಚೆಂದರೆ ಮೂರು ಸಲ ಕೇಳಬಹುದು, ಅದೂ ನಡುವೆ ಅಂತರ ಬಿಟ್ಟು. 2025ರ ಜೂನ್ 16ರಿಂದ ಉತ್ತರಕ್ಕೆ ಕೊಡುವ ಹೊತ್ತನ್ನೂ ಇಳಿಸಿದರು. ಪಾವತಿಗೆ 30 ಸೆಕೆಂಡು ಇದ್ದದ್ದು 15, ಸ್ಥಿತಿ ವಿಚಾರಣೆಗೆ ಮತ್ತು ರಿವರ್ಸಲ್‌ಗೆ 30 ಇದ್ದದ್ದು 10.

ಪತ್ರಿಕೆಗಳು 'ಇನ್ನು ಯುಪಿಐ ಎರಡು ಪಟ್ಟು ವೇಗ' ಅಂತ ಬರೆದವು. ಒಂದು ದೃಷ್ಟಿಯಲ್ಲಿ ಸರಿಯೇ, ಉತ್ತರ ಬರುವ ಬ್ಯಾಂಕುಗಳು ಎರಡು ಮೂರು ಸೆಕೆಂಡಿನಲ್ಲೇ ಕೊಡುತ್ತವೆ, ಉಳಿದವರಿಗಾಗಿ ಅರ್ಧ ನಿಮಿಷ ದಾರಿ ಕಟ್ಟಿಕೊಂಡು ನಿಲ್ಲುವುದರಲ್ಲಿ ಅರ್ಥವಿಲ್ಲ. ಆದರೆ ಕಾಯುವ ಹೊತ್ತು ಇಳಿಸಿದರೆ ವೇಗ ಹೆಚ್ಚಲೇಬೇಕು ಅಂತೇನಿಲ್ಲ. ನಿಧಾನದ ಬ್ಯಾಂಕು ನಿಧಾನವಾಗಿಯೇ ಉಳಿದರೆ, 'ಗೊತ್ತಿಲ್ಲ' ಅನ್ನುವ ಪ್ರಸಂಗ ಬೇಗ ಬರುತ್ತದೆ, ಹೆಚ್ಚು ಸಲ ಬರುತ್ತದೆ. ಹದಿನೈದನೇ ಸೆಕೆಂಡಿಗೆ ಕೈಬಿಟ್ಟದ್ದಕ್ಕೆ ಇಪ್ಪತ್ತನೇ ಸೆಕೆಂಡಿಗೆ ಹಣ ಕಡಿತವಾದರೆ ಪರದೆಯ ಮೇಲೆ ಏನು ಬರೆಯುತ್ತೀರಿ ಅನ್ನುವುದು ಮೊದಲಿಗಿಂತ ಈಗ ಮುಖ್ಯ.

ಇದಕ್ಕೆ ಪೂರ್ತಿ ಮದ್ದು ಇಲ್ಲ, ಅದನ್ನೂ ಹೇಳಬೇಕು. ನಂಬಲಾಗದ ದೂತನ ಮೂಲಕ ಮಾತಾಡುವ ಇಬ್ಬರು ಸೇನಾಪತಿಗಳು ನಾಳೆಯ ದಾಳಿಯ ಬಗ್ಗೆ ಎಂದಿಗೂ ಖಚಿತವಾಗಿ ಒಪ್ಪಂದಕ್ಕೆ ಬರಲಾರರು ಅಂತ ಒಂದು ಹಳೇ ಲೆಕ್ಕ ಇದೆ, 1970ರ ದಶಕದ್ದು. ಉತ್ತರ ತಲುಪಿತು ಅನ್ನುವುದಕ್ಕೆ ಇನ್ನೊಂದು ಉತ್ತರ ಬೇಕು, ಅದು ತಲುಪಿತು ಅನ್ನುವುದಕ್ಕೆ ಮತ್ತೊಂದು... ಎಷ್ಟು ದುಡ್ಡು ಸುರಿದರೂ, ಎಂಥ ಸರ್ವರ್ ತಂದರೂ ಈ ಕತ್ತಲೆಯ ಮೂಲೆ ಹೋಗುವುದಿಲ್ಲ. ಹೋಗದ್ದನ್ನು ಇಲ್ಲ ಅನ್ನುವುದು ಯಾಕೆ? ಪ್ರತಿ ಪ್ರಶ್ನೆಗೂ ಕಳಿಸುವವನೇ ಒಂದು ನಂಬರು ಕೊಡಲಿ. ಮತ್ತೆ ಕಳಿಸಿದರೆ ಅದೇ ನಂಬರಿನಲ್ಲಿ ಕಳಿಸಲಿ. ಆ ನಂಬರಿನ ಕೆಲಸ ಆಗಿದ್ದರೆ ಆಚೆಯವನು ಮತ್ತೆ ಮಾಡದೆ ಹಳೇ ಉತ್ತರವನ್ನೇ ವಾಪಸು ಹೇಳಲಿ. ವೆಲ್ಲೂರಿಗೆ ಹೋದ ಲಾರಿಗೆ ಇಷ್ಟು ಸಾಕಾಗಿತ್ತು. ನಾನು ಪ್ರತಿ ಒತ್ತುವಿಕೆಗೂ ಹೊಸ ನಂಬರು ಕೊಟ್ಟಿದ್ದೆ.

ಕಳೆದ ತಿಂಗಳು ನಮ್ಮಲ್ಲಿ ಒಂದು ಪಾವತಿ ಪರದೆ ಹೊಸದಾಗಿ ಬರೆಯುವ ಕೆಲಸ ಬಂತು. ಟೈಮ್‌ಔಟ್ ಆದಾಗ ಏನು ತೋರಿಸಬೇಕು ಅನ್ನುವ ಪೆಟ್ಟಿಗೆಯಲ್ಲಿ ನಾನು ಹೀಗೆ ಬರೆದೆ: 'ಹಣ ಹೋಗಿದೆಯೋ ಇಲ್ಲವೋ ಇನ್ನೂ ಗೊತ್ತಾಗಿಲ್ಲ. ದಯವಿಟ್ಟು ಇದೇ ಬಿಲ್ಲಿಗೆ ಈಗ ಮತ್ತೆ ಕೊಡಬೇಡಿ. ಗೊತ್ತಾದ ಕೂಡಲೇ ತಿಳಿಸುತ್ತೇವೆ.' ಕೆಳಗೆ ವ್ಯವಹಾರದ ನಂಬರು. ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಕೊಟ್ಟೆ. ಡಿಸೈನ್ ಮಾಡುವ ಹುಡುಗಿ ಬಂದು, ಸಾರ್ ಕನ್ನಡದ್ದು ನಾಲ್ಕು ಸಾಲಾಗುತ್ತೆ, ಪೆಟ್ಟಿಗೆಯಲ್ಲಿ ಹಿಡಿಸಲ್ಲ, 'ವಿಫಲ' ಅಂತ ಹಾಕಿಬಿಡಲಾ ಅಂದಳು.

ಪೆಟ್ಟಿಗೆ ದೊಡ್ಡದು ಮಾಡಮ್ಮಾ ಅಂದೆ.